ಪ್ಲೇಸ್ಟೇಷನ್ ಬೇಕೆನ್ನುವವರು ಎಷ್ಟು, ಕೊಳ್ಳುವವರು ಎಷ್ಟು?

ಬೇಡಿಕೆ ಎಂದರೇನು ಎಂಬುದು ಅರ್ಥಶಾಸ್ತ್ರದಲ್ಲಿ ಎರಡು ಅಂಕದ ಪ್ರಶ್ನೆ. ಕೊಳ್ಳುವ ಇಚ್ಛೆ ಇರಬೇಕು, ಕೊಳ್ಳಲು ಹಣ ಇರಬೇಕು, ಆ ಹಣವನ್ನು ಅದಕ್ಕೇ ಖರ್ಚು ಮಾಡುವ ಮನಸ್ಸೂ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಬೇಡಿಕೆಯಲ್ಲ, ಬರೀ ಆಸೆ. ನಮ್ಮ ವಾಣಿಜ್ಯ ವಿಭಾಗದಲ್ಲಿ ಪ್ಲೇಸ್ಟೇಷನ್ 5 ಯಾರಿಗೆ ಬೇಕು ಎಂದು ಕೇಳಿದರೆ ಹಿಂದಿನ ಬೆಂಚಿನವರು ಎರಡೂ ಕೈ ಎತ್ತುತ್ತಾರೆ. ಯಾರ ಮನೆಯಲ್ಲಿ ಇದೆ ಎಂದು ಕೇಳಿದೆ. ಇಬ್ಬರ ಮನೆಯಲ್ಲಿ. ಎರಡೂ ಗಲ್ಫ್‌ನಿಂದ ಬಂದವು.

ನನಗೆ ಈ ಲೆಕ್ಕ ಬೇಕಾಗಿದ್ದು ಪರೀಕ್ಷೆಗಲ್ಲ. ನನ್ನ ಖಾಲಾನ ಮಗ, ನಾವೆಲ್ಲ ಭಾಯ್‌ಜಾನ್ ಎಂದು ಕರೆಯುವವರು, ಮಸ್ಕತ್‌ನಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಬಂದಿದ್ದಾರೆ. ಬೆಳ್ತಂಗಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ನಾಲ್ಕು ಗೇಮ್ ಕನ್ಸೋಲ್ ಇಟ್ಟು, ಗಂಟೆ ಲೆಕ್ಕದಲ್ಲಿ ಆಡಲು ಕೊಡಬೇಕೆಂಬುದು ಅವರ ಯೋಚನೆ. ಕೈಯಲ್ಲಿರುವುದು ಎರಡೂವರೆ ಲಕ್ಷ ರೂಪಾಯಿ. "ನೀನು ಕಾಮರ್ಸ್ ಅಲ್ವಾ, ಯಾವುದು ತಗೋಬೇಕು, ನೋಡಿ ಹೇಳು" ಎಂದು ನನಗೆ ಒಪ್ಪಿಸಿದರು. ನಾಲ್ಕು ವರ್ಷದ ದುಡಿಮೆ ಅದು. ಹಾಗಾಗಿ ಸ್ವಲ್ಪ ಗಂಭೀರವಾಗಿಯೇ ಓದಿದೆ.

ಕನ್ಸೋಲ್ ಎಂದರೆ ಟಿವಿಗೆ ಜೋಡಿಸಿ ಆಟ ಆಡಲೆಂದೇ ಮಾಡಿದ ಕಂಪ್ಯೂಟರ್. ಜಗತ್ತಿನಲ್ಲಿ ಈ ವ್ಯಾಪಾರದ ದೊಡ್ಡ ಕಂಪನಿಗಳು ಮೂರೇ: ಜಪಾನಿನ ಸೋನಿ ಮತ್ತು ನಿಂಟೆಂಡೊ, ಅಮೆರಿಕದ ಮೈಕ್ರೋಸಾಫ್ಟ್. ನಮ್ಮ ಪುಸ್ತಕದ ಮಾತಿನಲ್ಲಿ ಇದು ಒಲಿಗೊಪೊಲಿ, ಕೆಲವೇ ಮಾರಾಟಗಾರರಿರುವ ಮಾರುಕಟ್ಟೆ. ಒಬ್ಬ ಬೆಲೆ ಇಳಿಸಿದರೆ ಇನ್ನೊಬ್ಬ ಸುಮ್ಮನೆ ಕೂರುವಂತಿಲ್ಲ. ಇದಕ್ಕೆ ಒಂದು ಒಳ್ಳೆಯ ಕಥೆ ಇದೆ. 1995ರ ಮೇ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಗೇಮ್ ಕಂಪನಿಗಳ ದೊಡ್ಡ ಪ್ರದರ್ಶನ. ಸೇಗಾ ಎಂಬ ಕಂಪನಿ ತನ್ನ ಸ್ಯಾಟರ್ನ್ ಕನ್ಸೋಲ್ ಇವತ್ತಿನಿಂದಲೇ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ 399 ಡಾಲರ್ ಎಂದು ಘೋಷಿಸಿತು. ಅದೇ ದಿನ ಸೋನಿಯ ಸ್ಟೀವ್ ರೇಸ್ ಎಂಬ ಅಧಿಕಾರಿ ವೇದಿಕೆಗೆ ಬಂದು "299" ಎಂದಷ್ಟೇ ಹೇಳಿ ಇಳಿದು ಹೋದರು. ಅದು ಮೊದಲ ಪ್ಲೇಸ್ಟೇಷನ್‌ನ ಬೆಲೆ. ನೂರು ಡಾಲರ್ ಕಡಿಮೆ. ಸೇಗಾ ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. 2001ರಲ್ಲಿ ಕನ್ಸೋಲ್ ಮಾಡುವುದನ್ನೇ ನಿಲ್ಲಿಸಿ ಬರೀ ಆಟಗಳ ಕಂಪನಿಯಾಯಿತು.

ಇಷ್ಟು ಓದಿದಾಗ, ಹಾಗಾದರೆ ಬೆಲೆಯೇ ಎಲ್ಲ ಎಂದು ಅನಿಸಬಹುದು. ಆದರೆ ಭಾರತದಲ್ಲಿ 2020ರಲ್ಲಿ ನಡೆದದ್ದು ಬೇರೆ.

ಆ ವರ್ಷದ ನವೆಂಬರ್ 10ರಂದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್ ಬಂದವು. ಎರಡೇ ದಿನದ ನಂತರ ಅಮೆರಿಕ, ಜಪಾನ್ ಮುಂತಾದ ಕಡೆ ಸೋನಿಯ ಪ್ಲೇಸ್ಟೇಷನ್ 5 ಬಂತು. ಎಕ್ಸ್‌ಬಾಕ್ಸ್ ಭಾರತಕ್ಕೂ ಅದೇ ದಿನ ಬಂತು; ದೊಡ್ಡದಕ್ಕೆ 49,990 ರೂಪಾಯಿ, ಚಿಕ್ಕದಕ್ಕೆ 34,990. ಪ್ಲೇಸ್ಟೇಷನ್ 5 ಮಾತ್ರ ನಮಗೆ ಬಂದದ್ದು 2021ರ ಫೆಬ್ರವರಿ 2ರಂದು. ಬೆಲೆ ಅದೇ 49,990. ಡಿಸ್ಕ್ ಹಾಕುವ ಜಾಗ ಇಲ್ಲದ ಡಿಜಿಟಲ್ ಮಾದರಿಗೆ 39,990. ಅಂದರೆ ಎಕ್ಸ್‌ಬಾಕ್ಸ್‌ಗೆ ಸುಮಾರು ಮೂರು ತಿಂಗಳು ಮೈದಾನ ಖಾಲಿ ಸಿಕ್ಕಿತ್ತು. ಬೆಲೆಯೂ ಒಂದೇ. ಒಳಗಿನ ಪ್ರೊಸೆಸರ್ ಕೂಡ ಎರಡರಲ್ಲೂ ಎಎಂಡಿ ಕಂಪನಿಯದ್ದೇ, ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಲ್ಲಿ ತಯಾರಾದದ್ದು. ಬದಲಿ ಸರಕಿಗೆ ಉದಾಹರಣೆ ಕೊಡಿ ಎಂದರೆ ಚಹಾ ಕಾಫಿಗಿಂತ ಇದನ್ನೇ ಬರೆಯಬಹುದು.

ಆದರೂ ಜನ ಕಾದರು. 2021ರ ಜನವರಿ 12ರಂದು ಪ್ಲೇಸ್ಟೇಷನ್ 5ರ ಮುಂಗಡ ಬುಕಿಂಗ್ ತೆರೆದಾಗ ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. ಪಕ್ಕದಲ್ಲೇ ಅಷ್ಟೇ ಬೆಲೆಗೆ ಬದಲಿ ಸರಕು ಸಿಗುವಾಗ ಯಾಕೆ ಕಾಯಬೇಕು?

ಉತ್ತರ ನನಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ, ಗೆಳೆಯರನ್ನು ಕೇಳಿ ಸಿಕ್ಕಿದ್ದು. ಭಾಯ್‌ಜಾನ್ ಅಂಗಡಿ ತೆರೆದರೆ ಬರುತ್ತೀರಾ ಎಂದು ಕೇಳುತ್ತಾ ಹೋದೆ. ಒಬ್ಬರೂ ಮೊದಲು ಕನ್ಸೋಲ್ ಯಾವುದು ಎಂದು ಕೇಳಲಿಲ್ಲ. "ಫುಟ್ಬಾಲ್ ಉಂಟಾ?" ಎಂದರು. "ಇಬ್ಬರು ಒಟ್ಟಿಗೆ ಆಡ್ಲಿಕ್ಕೆ ಆಗ್ತದಾ?" ಎಂದರು. ಕನ್ಸೋಲ್ ಒಂದು ಪೆಟ್ಟಿಗೆ. ಅದನ್ನು ಯಾರೂ ಅದಕ್ಕಾಗಿ ಬಯಸುವುದಿಲ್ಲ. ಆಟ ಬೇಕು, ಪಕ್ಕದಲ್ಲಿ ಕೂತು ಆಡುವ ಗೆಳೆಯ ಬೇಕು. ಆಟ ಎಂಬುದು ಪೂರಕ ಸರಕು, ಕಾರಿಗೆ ಪೆಟ್ರೋಲ್ ಇದ್ದ ಹಾಗೆ. ಗೆಳೆಯನಿಗೆ ಮಾತ್ರ ನಮ್ಮ ಪುಸ್ತಕದಲ್ಲಿ ಹೆಸರಿಲ್ಲ. ಒಬ್ಬನ ಬಳಿ ಇದ್ದರೆ ಇನ್ನೊಬ್ಬನಿಗೆ ಅದರ ಬೆಲೆ ಹೆಚ್ಚುತ್ತದೆ. ಎಲ್ಲರೂ ವಾಟ್ಸಾಪ್‌ನಲ್ಲಿ ಇರುವುದರಿಂದ ನಾವೂ ಅಲ್ಲೇ ಇರುವಂತೆ.

ಭಾರತದಲ್ಲಿ ಈ ಗೆಳೆಯರ ಗುಂಪು ಕಟ್ಟಿದ್ದು ಹಿಂದಿನ ತಲೆಮಾರಿನ ಕನ್ಸೋಲ್. ಪ್ಲೇಸ್ಟೇಷನ್ 4 ಇಲ್ಲಿಗೆ ಬಂದದ್ದು 2014ರ ಜನವರಿ 6ರಂದು. ಅದರ ಎದುರಾಳಿ ಎಕ್ಸ್‌ಬಾಕ್ಸ್ ಒನ್ ಬಂದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಆ ಎಂಟು ತಿಂಗಳಲ್ಲಿ ಮೊದಲು ಕೊಂಡವರ ಮನೆಯಲ್ಲಿ ಡಿಸ್ಕ್‌ಗಳು ಸೇರಿದವು, ಹಳೆಯ ಡಿಸ್ಕ್ ಕೊಟ್ಟು ಬೇರೆಯದು ಪಡೆಯುವ ವ್ಯವಹಾರ ಬೆಳೆಯಿತು, ತಮ್ಮಂದಿರು, ಕಸಿನ್‌ಗಳು ಅದನ್ನೇ ಕಲಿತರು. ಪ್ಲೇಸ್ಟೇಷನ್ 4ರ ಹೆಚ್ಚುಕಡಿಮೆ ಎಲ್ಲ ಡಿಸ್ಕ್‌ಗಳೂ ಪ್ಲೇಸ್ಟೇಷನ್ 5ರಲ್ಲಿ ನಡೆಯುತ್ತವೆ, ಎಕ್ಸ್‌ಬಾಕ್ಸ್‌ನಲ್ಲಿ ನಡೆಯುವುದಿಲ್ಲ. 2020ರಲ್ಲಿ ಜನ ಮೂರು ತಿಂಗಳು ಕಾದದ್ದು ಹೊಸ ಪೆಟ್ಟಿಗೆಗಲ್ಲ, ಕಪಾಟಿನಲ್ಲಿ ಈಗಾಗಲೇ ಇದ್ದ ಆರೇಳು ವರ್ಷದ ಆಟಗಳಿಗೆ. ಹೊಸ ಕನ್ಸೋಲ್‌ನ ಬೇಡಿಕೆ ಅದು ಬಿಡುಗಡೆಯಾಗುವ ದಿನ ಹುಟ್ಟುವುದಿಲ್ಲ ಎಂದು ನನಗೆ ಅರ್ಥವಾದದ್ದು ಇಲ್ಲಿ.

ಇನ್ನು ಆ ಕೆಲವೇ ನಿಮಿಷದ ಬುಕಿಂಗ್ ವಿಷಯ. ಕೊರೊನಾ ಕಾಲದಲ್ಲಿ ಚಿಪ್‌ಗಳ ಕೊರತೆ ಇತ್ತು, ಪೂರೈಕೆ ಕಡಿಮೆ ಇತ್ತು, ಮನೆಯಲ್ಲಿ ಕೂತವರ ಬೇಡಿಕೆ ಏರಿತ್ತು. ಆದರೂ ಬೆಲೆ 49,990ರಲ್ಲೇ ನಿಂತಿತು. ಮಾರುಕಟ್ಟೆ ಸಮತೋಲನದ ಅಧ್ಯಾಯದಲ್ಲಿ ಗರಿಷ್ಠ ಬೆಲೆ ನಿಗದಿಯ ಚಿತ್ರ ಬರುತ್ತದಲ್ಲ, ಸಮತೋಲನ ಬೆಲೆಗಿಂತ ಕೆಳಗೆ ಅಡ್ಡಗೆರೆ ಎಳೆದು ಅಧಿಕ ಬೇಡಿಕೆ ತೋರಿಸುವುದು, ಇದು ಅದೇ. ಅಲ್ಲಿ ಗೆರೆ ಎಳೆಯುವುದು ಸರ್ಕಾರ, ಇಲ್ಲಿ ಎಳೆದದ್ದು ಕಂಪನಿ. ಪರಿಣಾಮವೂ ಪುಸ್ತಕದಲ್ಲಿ ಇದ್ದಂತೆಯೇ ಆಯಿತು. ಸಿಕ್ಕಿದವರು ಹೆಚ್ಚಿನ ಬೆಲೆಗೆ ಮರುಮಾರಾಟ ಮಾಡಿದರು. ಅಂಗಡಿಯವರು ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅದಕ್ಕೆ ಹಲವು ಕಡೆ ಕನ್ಸೋಲ್ ಬೇಕಿದ್ದರೆ ಎರಡು ಆಟ, ಒಂದು ಹೆಚ್ಚುವರಿ ಕಂಟ್ರೋಲರ್ ಕೂಡ ಕೊಳ್ಳಬೇಕು ಎಂದರು. ರೇಷನ್ ಅಂಗಡಿಯಲ್ಲಿ ಸಕ್ಕರೆ ಬೇಕಿದ್ದರೆ ಸಾಬೂನೂ ತಗೊಳ್ಳಿ ಎನ್ನುತ್ತಿದ್ದರಂತೆ, ನಮ್ಮ ದಾದಿ ಹೇಳುವ ಕಥೆ.

ಕಂಪನಿ ತಾನೇ ಬೆಲೆ ಏರಿಸಿ ಆ ಲಾಭ ಪಡೆಯಬಹುದಿತ್ತು. ಪಡೆಯಲಿಲ್ಲ, ಏಕೆಂದರೆ ಅವರ ಲಾಭ ಪೆಟ್ಟಿಗೆಯಲ್ಲಿ ಇಲ್ಲ. 2021ರಲ್ಲಿ ಅಮೆರಿಕದಲ್ಲಿ ಎಪಿಕ್ ಮತ್ತು ಆಪಲ್ ಕಂಪನಿಗಳ ನಡುವೆ ನಡೆದ ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು ಎಕ್ಸ್‌ಬಾಕ್ಸ್ ಯಂತ್ರವನ್ನು ತಾವು ಯಾವತ್ತೂ ಲಾಭಕ್ಕೆ ಮಾರಿಲ್ಲ ಎಂದು ಸಾಕ್ಷಿ ಹೇಳಿದರು. ಲಾಭ ಬರುವುದು ಆಟಗಳಿಂದ: ತಮ್ಮ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವಾಗುವ ಪ್ರತಿ ಆಟದಲ್ಲಿ ಶೇ. 30ರಷ್ಟು ಕನ್ಸೋಲ್ ಕಂಪನಿಗೆ. ಪ್ರಿಂಟರ್ ಅಗ್ಗ, ಶಾಯಿ ದುಬಾರಿ ಎಂಬ ಹಾಗೆ. ಹಾಗಾಗಿ ಬಿಡುಗಡೆಯ ಬೆಲೆ ಕಡಿಮೆ ಇಟ್ಟು ಆದಷ್ಟು ಮನೆಗಳ ಒಳಗೆ ಹೋಗುವುದು ಮುಖ್ಯ. ಡಿಸ್ಕ್ ಇಲ್ಲದ ಮಾದರಿಯನ್ನು ಹತ್ತು ಸಾವಿರ ಕಡಿಮೆಗೆ ಕೊಟ್ಟದ್ದಕ್ಕೂ ಕಾರಣ ಇಲ್ಲೇ ಇದೆ. ಡಿಸ್ಕ್ ಇಲ್ಲದವನು ಹಳೆಯ ಆಟ ಕೊಂಡು ಮಾರಲು ಆಗುವುದಿಲ್ಲ, ಪ್ರತಿ ಆಟವನ್ನೂ ಕಂಪನಿಯ ಅಂಗಡಿಯಿಂದಲೇ ಕೊಳ್ಳಬೇಕು. ಭಾಯ್‌ಜಾನ್‌ಗೆ ಆ ಮಾದರಿ ಬೇಡವೇ ಬೇಡ ಎಂದೆ.

ಮೊದಲಿನ ಕಾಲದಲ್ಲಿ ಕಾದರೆ ಬೆಲೆ ಇಳಿಯುತ್ತಿತ್ತು. 2000ದಲ್ಲಿ ಅಮೆರಿಕದಲ್ಲಿ 299 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 2, 2009ರಲ್ಲಿ 99 ಡಾಲರ್ ಆಯಿತು. ಈ ತಲೆಮಾರಿನಲ್ಲಿ ಉಲ್ಟಾ. ಭಾರತದಲ್ಲಿ ಪ್ಲೇಸ್ಟೇಷನ್ 5ರ ಬೆಲೆ 2022ರ ನವೆಂಬರ್‌ನಲ್ಲಿ 54,990 ಆಯಿತು; ಅಮೆರಿಕದಲ್ಲಿಯೂ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿತು. ಎಕ್ಸ್‌ಬಾಕ್ಸ್ ಕೂಡ ಏರಿದೆ. ಇದರಿಂದ ಒಂದು ಅನುಕೂಲವೂ ಇದೆ. ಹೊಸದರ ಬೆಲೆ ಇಳಿಯದಿದ್ದರೆ ಬಳಸಿದ್ದರ ಬೆಲೆಯೂ ಬೇಗ ಇಳಿಯುವುದಿಲ್ಲ. ಅಂಗಡಿ ನಡೆಯದಿದ್ದರೆ ಮಾರಿ ಹಣ ವಾಪಸ್ ಪಡೆಯುವ ದಾರಿ ಇರುತ್ತದೆ. ಭಾಯ್‌ಜಾನ್‌ಗೆ ಇದು ಹೇಳಿದಾಗ ಅವರು ಖುಷಿಯಾಗಲಿಲ್ಲ, "ನಡೆಯದಿದ್ದರೆ ಅಂತ ಯಾಕೆ ಹೇಳ್ತೀ" ಎಂದರು.

ಗಲ್ಫ್‌ನಿಂದ ತರಿಸಿದರೆ ಹೇಗೆ? ನಮ್ಮ ತಾಲೂಕಿನಲ್ಲಿ ಇದು ಮಾರುಕಟ್ಟೆಯದ್ದೇ ಒಂದು ಭಾಗ. ಆಮದು ಸುಂಕವೂ ಶೇ. 18 ಜಿಎಸ್‌ಟಿಯೂ ಸೇರಿ ಇಲ್ಲಿ ಬೆಲೆ ಹೆಚ್ಚಾಗುತ್ತದೆ. 2016ರ ಬ್ಯಾಗೇಜ್ ನಿಯಮದಲ್ಲಿ ವಿದೇಶದಿಂದ ಬರುವ ಭಾರತೀಯ 50,000 ರೂಪಾಯಿವರೆಗಿನ ವಸ್ತುಗಳನ್ನು ಸುಂಕವಿಲ್ಲದೆ ತರಬಹುದಿತ್ತು. ಆದ್ದರಿಂದಲೇ ಬ್ಯಾರಿ ಮನೆಗಳಲ್ಲಾಗಲಿ ನಮ್ಮಂಥ ಉರ್ದು ಮನೆಗಳಲ್ಲಾಗಲಿ ಮೊದಲ ಕನ್ಸೋಲ್ ಬರುವುದು ಯಾರದ್ದಾದರೂ ಸೂಟ್‌ಕೇಸಿನಲ್ಲಿ. ಆದರೆ ಮನೆಗೆ ತರುವುದು ಬೇರೆ, ವ್ಯಾಪಾರಕ್ಕೆ ತರುವುದು ಬೇರೆ. ಬ್ಯಾಗೇಜ್ ವಿನಾಯಿತಿ ಸ್ವಂತ ಬಳಕೆಯ ವಸ್ತುಗಳಿಗೆ. ವಾರಂಟಿಯೂ ಸಾಮಾನ್ಯವಾಗಿ ಕೊಂಡ ದೇಶದ್ದೇ. ದಿನಕ್ಕೆ ಹತ್ತು ಕೈ ಹಿಡಿಯುವ ಯಂತ್ರಕ್ಕೆ ವಾರಂಟಿ ಇಲ್ಲದಿದ್ದರೆ ಆಗದು.

ನಿಂಟೆಂಡೊ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಸ್ವಿಚ್ 2 ಕನ್ಸೋಲ್ 2025ರ ಜೂನ್ 5ರಂದು ಬಂದು ನಾಲ್ಕೇ ದಿನದಲ್ಲಿ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆದರೆ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಅದನ್ನು ಮಾರುವುದೇ ಇಲ್ಲ. ಇಲ್ಲಿ ಸಿಗುವುದು ಆಮದು ಮಾಡಿದವರು ಹೇಳಿದ ಬೆಲೆಗೆ. ತಮಾಷೆ ಎಂದರೆ ನಮ್ಮ ಚಾಚಾಂದಿರು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ "ವಿಡಿಯೋ ಗೇಮ್" ನಿಂಟೆಂಡೊ 1983ರಲ್ಲಿ ತಂದ ಕನ್ಸೋಲ್‌ನ ನಕಲು. ಬೇಡಿಕೆ ಇತ್ತು, ಕಂಪನಿ ಬರಲಿಲ್ಲ, ನಕಲು ಬಂತು.

ಹಾಗೆ ನೋಡಿದರೆ ಬೆಳ್ತಂಗಡಿಯಲ್ಲಿ ಪ್ಲೇಸ್ಟೇಷನ್‌ನ ನಿಜವಾದ ಎದುರಾಳಿ ಎಕ್ಸ್‌ಬಾಕ್ಸ್ ಅಲ್ಲ, ನಮ್ಮ ಕೈಯಲ್ಲಿರುವ ಮೊಬೈಲ್. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆಟ ಎಂದರೆ ಮೊಬೈಲ್ ಆಟ ಎಂದಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು, 2021ರ ಜುಲೈಯಲ್ಲಿ ಅದೇ ಬೇರೆ ಹೆಸರಿನಲ್ಲಿ, ಬಿಜಿಎಂಐ ಎಂದು ಬಂತು. ಆಟ ಉಚಿತ. ಉಚಿತ ವಸ್ತುವಿನ ಎದುರು ಗಂಟೆಗೆ ಹಣ ಕೇಳುವವನು ಮೊಬೈಲ್‌ನಲ್ಲಿ ಸಿಗದ್ದನ್ನು ಕೊಡಬೇಕು. ಅದು ದೊಡ್ಡ ಪರದೆ ಮತ್ತು ಪಕ್ಕದಲ್ಲಿ ಕೂತ ಗೆಳೆಯ. ಮನೆಯಲ್ಲಿ ಒಬ್ಬನೇ ಆಡುವ ಕಥೆಯ ಆಟಗಳು ಎಷ್ಟೇ ಚೆನ್ನಾಗಿದ್ದರೂ ಗಂಟೆಯ ಅಂಗಡಿಯಲ್ಲಿ ಓಡಲಾರವು ಎಂದು ನನ್ನ ಲೆಕ್ಕ. ಫುಟ್ಬಾಲ್, ಕ್ರಿಕೆಟ್, ಕುಸ್ತಿ ಸಾಕು.

ಮಧ್ಯೆ ಒಂದು ಮಾತು. ಈ ಪೈಪೋಟಿಯಲ್ಲಿ ಎರಡೂ ಕಡೆಗೆ ಕೆಲಸ ಮಾಡಿದವರು ನಮ್ಮ ರಾಜ್ಯದಲ್ಲಿದ್ದಾರೆ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ಎಕ್ಸ್‌ಬಾಕ್ಸ್‌ನ ಫೋರ್ಜಾ ಕಾರ್ ಆಟಗಳಿಗೂ ಪ್ಲೇಸ್ಟೇಷನ್‌ನ ಡೇಸ್ ಗಾನ್‌ಗೂ ಚಿತ್ರ ಕೆಲಸ ಮಾಡಿಕೊಟ್ಟಿತ್ತು. 2019ರಲ್ಲಿ ಅದನ್ನು ಜಿಟಿಎ ಆಟದ ರಾಕ್‌ಸ್ಟಾರ್ ಕಂಪನಿ ಕೊಂಡಿತು. ಕನ್ಸೋಲ್‌ಗಳಲ್ಲಿ ಮೊದಲು ಎಕ್ಸ್‌ಬಾಕ್ಸ್‌ಗೆ ಮಾತ್ರ ಮೀಸಲಾಗಿದ್ದ ಫೋರ್ಜಾ ಹೊರೈಜನ್ 5 ಕೂಡ 2025ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಎದುರಾಳಿಯ ಪೆಟ್ಟಿಗೆಗೂ ತನ್ನ ಆಟ ಮಾರುವುದೇ ಲಾಭ ಎಂದು ಮೈಕ್ರೋಸಾಫ್ಟ್ ಲೆಕ್ಕ ಹಾಕಿದಂತಿದೆ. ಹಾಗಾದರೆ ಎಕ್ಸ್‌ಬಾಕ್ಸ್ ಕೊಳ್ಳಲು ಇದ್ದ ಒಂದು ಕಾರಣವೂ ಕಡಿಮೆಯಾಯಿತು.

ಈಗ ಭಾಯ್‌ಜಾನ್‌ರ ಲೆಕ್ಕ. ಒಂದು ಪ್ಲೇಸ್ಟೇಷನ್ 5ಕ್ಕೆ 54,990, ಎರಡನೇ ಕಂಟ್ರೋಲರ್‌ಗೆ 5,990, ಟಿವಿಗೆ 25,000, ಒಂದು ಹೊಸ ಆಟಕ್ಕೆ 4,999. ಒಟ್ಟು ಸುಮಾರು 91,000. ನಾಲ್ಕು ಇಟ್ಟರೆ 3,64,000. ಕೈಯಲ್ಲಿರುವುದು ಎರಡೂವರೆ ಲಕ್ಷ. ಅಂಗಡಿಯವರು ನೋ ಕಾಸ್ಟ್ ಇಎಂಐ ಇದೆ ಎಂದರು. ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: "ಬಡ್ಡಿ ಇಲ್ಲದೆ ಬ್ಯಾಂಕ್ ಯಾಕೆ ಕೊಡ್ತದೆ?" ನೋಡಿದರೆ ಬಡ್ಡಿ ಇದೆ. ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಮಾರುವವರು ಮೊದಲೇ ರಿಯಾಯಿತಿಯಾಗಿ ಕಡಿಮೆ ಮಾಡುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮಾತ್ರ ನಾವೇ ಕಟ್ಟಬೇಕು. ಭಾಯ್‌ಜಾನ್ ಅಲ್ಲಿಗೇ ಬಿಟ್ಟರು.

ಆಗ ಮತ್ತೆ ಗೆಳೆಯರ ಮಾತು ನೆನಪಿಗೆ ಬಂತು. ಕೇಳಿದ್ದು ಫುಟ್ಬಾಲ್. 2025ರ ಸೆಪ್ಟೆಂಬರ್‌ನಲ್ಲಿ ಬಂದ ಇಎ ಸ್ಪೋರ್ಟ್ಸ್ ಎಫ್‌ಸಿ 26 ಪ್ಲೇಸ್ಟೇಷನ್ 4ರಲ್ಲೂ ನಡೆಯುತ್ತದೆ. ಮಂಗಳೂರಿನಲ್ಲಿ ವಿಚಾರಿಸಿದಾಗ ಬಳಸಿದ ಪ್ಲೇಸ್ಟೇಷನ್ 4 ಸುಮಾರು 18,000ಕ್ಕೆ ಸಿಗುತ್ತದೆ ಎಂದರು. ಹಳೆಯ ಕಂಟ್ರೋಲರ್, ಹಳೆಯ ಡಿಸ್ಕ್, ಟಿವಿ ಎಲ್ಲ ಸೇರಿ ಒಂದು ಜಾಗಕ್ಕೆ 48,000. ಹೊಸದು ಒಂದು, ಹಳೆಯದು ಎರಡು ಇಟ್ಟರೆ 1,87,000. ಉಳಿದ 63,000ದಲ್ಲಿ ಕೋಣೆಯ ಮುಂಗಡ, ಕುರ್ಚಿ, ಮತ್ತು ಒಳ್ಳೆಯ ಯುಪಿಎಸ್. ಮಳೆಗಾಲದ ಸಿಡಿಲು ನಮ್ಮ ಕಡೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ.

ಒಬ್ಬರಿಗೆ ಗಂಟೆಗೆ 40 ರೂಪಾಯಿ ಎಂದು ಇಟ್ಟುಕೊಳ್ಳಿ, ಒಂದು ಟಿವಿಗೆ ಇಬ್ಬರು. ದಿನಕ್ಕೆ ನಾಲ್ಕು ಗಂಟೆ ಮೂರೂ ತುಂಬಿದ್ದರೆ 960 ರೂಪಾಯಿ; ಶುಕ್ರವಾರ ರಜೆ ಕಳೆದು 26 ದಿನಕ್ಕೆ 24,960. ಬಾಡಿಗೆ 7,000, ಕರೆಂಟ್ ಮತ್ತು ಇಂಟರ್ನೆಟ್‌ಗೆ 3,000, ಸವೆಯುವ ಕಂಟ್ರೋಲರ್ ಮತ್ತು ಹೊಸ ಆಟಕ್ಕೆ 3,000 ತೆಗೆದರೆ ಉಳಿಯುವುದು 11,960. ಹಾಕಿದ ಹಣ ಬರಲು ಇಪ್ಪತ್ತೊಂದು ತಿಂಗಳು. ಅದೇ ನಾಲ್ಕು ಗಂಟೆಯ ಬದಲು ಎರಡೂವರೆ ಗಂಟೆ ಮಾತ್ರ ತುಂಬಿದರೆ ಉಳಿಯುವುದು 2,600! ಖರ್ಚು ಬಹುತೇಕ ಸ್ಥಿರ ವೆಚ್ಚ, ಗಿರಾಕಿ ಬರಲಿ ಬಿಡಲಿ ಹೋಗುತ್ತದೆ. ದರವನ್ನು 60 ಮಾಡೋಣ ಎಂದರು ಭಾಯ್‌ಜಾನ್. ನಾನು ಬೇಡ ಎಂದೆ. ನಮ್ಮಂಥವರ ಪಾಕೆಟ್ ಮನಿಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ ಬಹಳ ಹೆಚ್ಚು. 20 ರೂಪಾಯಿ ಏರಿಸಿದರೆ ಕೈ ಮೊಬೈಲ್ ಕಡೆ ಹೋಗುತ್ತದೆ.

ಇನ್ನೆರಡು ಕೆಲಸ ಬಾಕಿ ಇದೆ. ಪಟ್ಟಣ ಪಂಚಾಯತ್‌ನ ಉದ್ದಿಮೆ ಪರವಾನಗಿ ಒಂದು. ಇನ್ನೊಂದು, ಕನ್ಸೋಲ್ ಜೊತೆ ಬರುವ ಒಪ್ಪಂದದಲ್ಲಿ ಸಾಫ್ಟ್‌ವೇರ್ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ ಎಂಬ ಶರತ್ತು ಇದೆ. ಎಲ್ಲ ಊರಲ್ಲೂ ಇಂಥ ಅಂಗಡಿಗಳಿವೆ ಎಂಬುದು ಉತ್ತರವಲ್ಲ. ವಕೀಲರೊಬ್ಬರನ್ನು ಕೇಳದೆ ಮುಂಗಡ ಕೊಡಬೇಡಿ ಎಂದು ಹೇಳಿದ್ದೇನೆ. ಕೇಳುತ್ತೇನೆ ಎಂದಿದ್ದಾರೆ. ಜಿಟಿಎ ಥರದ, 18 ದಾಟಿದವರ ಆಟಗಳನ್ನು ಇಡುವುದಿಲ್ಲ, ನಮಾಜಿನ ಹೊತ್ತಿಗೆ ಬಾಗಿಲು ಹಾಕುತ್ತೇನೆ, ಸಂಜೆ ನಾಲ್ಕೂವರೆಗೆ ಮೊದಲು ಯೂನಿಫಾರ್ಮ್‌ನವರನ್ನು ಒಳಗೆ ಬಿಡುವುದಿಲ್ಲ ಎಂದು ಖಾಲಾಗೆ ಮಾತು ಕೊಟ್ಟಿದ್ದಾರೆ. ಜಿಟಿಎ 6 2026ರ ನವೆಂಬರ್ 19ಕ್ಕೆ ಬರುತ್ತದೆ ಎಂದು ಕಂಪನಿ ಹೇಳಿದೆ, ಎರಡು ಸಲ ಮುಂದೂಡಿದ ಮೇಲೆ. ಅದು ಬಂದ ದಿನ ಈ ಮಾತಿಗೆ ಎಷ್ಟು ಗಿರಾಕಿಗಳು ಕಡಿಮೆಯಾಗುತ್ತಾರೆ ಎಂಬುದನ್ನೂ ನಾನು ಲೆಕ್ಕ ಇಡುತ್ತೇನೆ.

ಎಲ್ಲ ಸರಿಯಾದರೆ ಈದ್ ಕಳೆದ ಮೇಲೆ ಅಂಗಡಿ ತೆರೆಯುತ್ತದೆ. ನಾಲ್ಕನೆಯ ಜಾಗ ಸದ್ಯ ಖಾಲಿ. ಮೊದಲ ಮೂರು ತಿಂಗಳ ವಸೂಲಿ ನೋಡಿ ತೀರ್ಮಾನಿಸುವುದು ಎಂದು ಮಾತಾಗಿದೆ. ಅಲ್ಲಿ ಎಕ್ಸ್‌ಬಾಕ್ಸ್ ಬೇಕು, ಗಂಟೆಗೆ 40 ಕೊಟ್ಟು ಆಡುತ್ತೇನೆ ಎನ್ನುವವರು ನಮ್ಮ ಕಾಲೇಜಿನಲ್ಲಿ ಯಾರಾದರೂ ಇದ್ದರೆ ನನಗೆ ಹೆಸರು ಕೊಡಿ. ಬರೀ ಕೈ ಎತ್ತುವವರು ಬೇಡ.